ಕಲ್ಲು ಓದುವ ದಿಕ್ಕು

ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಶಿಲ್ಪಿಗಳ ಮೇಲೆ ಒಂದು ಅಪವಾದ ಹೊರಿಸಿದೆ. ಅವರು ತೀರಿಹೋಗಿ ಏಳೆಂಟು ನೂರು ವರ್ಷಗಳಾಗಿದ್ದವು. ಎದುರು ಮಾತಾಡುವ ಹಾಗಿರಲಿಲ್ಲ.

ತರೀಕೆರೆ ಸೀಮೆಯ ಕಾಲೇಜೊಂದಕ್ಕೆ ಇತಿಹಾಸದ ಮೇಷ್ಟ್ರಾಗಿ ಸೇರಿ ಆಗಷ್ಟೇ ವರ್ಷ ತುಂಬಿತ್ತು. 1981ರ ಡಿಸೆಂಬರಿನ ಒಂದು ಬೆಳಿಗ್ಗೆ ಹುಡುಗ ಹುಡುಗಿಯರನ್ನು ಕರೆದುಕೊಂಡು ಅಮೃತಾಪುರಕ್ಕೆ ಹೋದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ರೂವಾರಿ ಮಲ್ಲಿತಮ್ಮ ಕೆಲಸ ಶುರುಮಾಡಿದ್ದು ಅಲ್ಲಿನ ಒಳಛಾವಣಿಯ ಭುವನೇಶ್ವರಿಗಳಲ್ಲಿ. ಮಂಟಪದ ಹೊರಗೋಡೆಯ ಮೇಲೆ 140 ಚಿತ್ರಪಟ್ಟಿಕೆಗಳಿವೆ. ದಕ್ಷಿಣದ ಕಡೆ ರಾಮಾಯಣ, 70. ಉತ್ತರದ ಕಡೆ ಕೃಷ್ಣನ ಕಥೆ 25, ಭಾರತ 45. ಗುಡಿಗೆ ಹೋದವರು ಹೇಗೆ ಸುತ್ತುತ್ತಾರೋ ಹಾಗೆ, ಪ್ರದಕ್ಷಿಣೆಯಾಗಿ, ನಾನು ಮಕ್ಕಳನ್ನು ದಕ್ಷಿಣದ ಗೋಡೆಯ ಉದ್ದಕ್ಕೂ ನಡೆಸಿಕೊಂಡು ಹೋದೆ. ನಾಲ್ಕು ಪಟ್ಟಿಕೆ ದಾಟುವಷ್ಟರಲ್ಲಿ ಕಥೆ ತಪ್ಪಿತು. ಮುಂದೆ ಆಗಬೇಕಾದ್ದು ಹಿಂದೆ ಆಗಿಬಿಟ್ಟಿತ್ತು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಆ ವಯಸ್ಸಿನಲ್ಲಿ ಎಲ್ಲಿತ್ತು? “ಶಿಲ್ಪಿಗಳು ಕಥೆಯ ಅನುಕ್ರಮಕ್ಕೆ ಅಷ್ಟು ಗಮನ ಕೊಟ್ಟಿಲ್ಲ. ಇದು ಮುಖ್ಯವಾಗಿ ಅಲಂಕಾರ” ಎಂದೆ. ಮಕ್ಕಳು ಅದನ್ನು ಬರೆದುಕೊಂಡರು.

ಜಗುಲಿಯ ಬಿಸಿಲಿನಲ್ಲಿ ಹೂ ಕಟ್ಟುತ್ತ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದರು. “ಮೇಷ್ಟ್ರೇ, ಕಥೆ ಹಿಂದಿನಿಂದ ಹೇಳ್ತಾ ಇದ್ದೀರಿ. ಆ ತುದಿಯಿಂದ ಬನ್ನಿ” ಅಂದರು. ನಮ್ಮನ್ನೆಲ್ಲ ಗೋಡೆಯ ಇನ್ನೊಂದು ಕೊನೆಗೆ ಕರೆದೊಯ್ದು, ಪ್ರದಕ್ಷಿಣೆಗೆ ಎದುರಾಗಿ, ಎಡದಿಂದ ಬಲಕ್ಕೆ ನಡೆಯುತ್ತ ಒಂದೊಂದೇ ಪಟ್ಟಿಕೆಯ ಮೇಲೆ ಬೆರಳಿಟ್ಟು ಹೇಳುತ್ತ ಹೋದರು. ಒಂದು ಕೊಂಡಿಯೂ ಕಳಚಲಿಲ್ಲ. ಬೆರಗಿನಿಂದ ಒಬ್ಬ ಹುಡುಗಿ, “ಅಜ್ಜಿ, ನಿಮಗೆ ಓದೋಕೆ ಬರುತ್ತಾ?” ಎಂದು ಕೇಳಿದಳು. “ಅಕ್ಷರ ಬರಲ್ಲ ಮಗಾ. ಕಲ್ಲು ಬರುತ್ತೆ” ಅಂದರು.

ಹಿಂದಿರುಗುವ ಬಸ್ಸಿನಲ್ಲಿ, ಬರೆದುಕೊಂಡಿದ್ದ ಆ ವಾಕ್ಯವನ್ನು ಹೊಡೆದುಹಾಕಿ ಎಂದು ಮಕ್ಕಳಿಗೆ ಹೇಳಿದೆ. ನನ್ನೊಳಗಿನಿಂದ ಅದನ್ನು ಹೊಡೆದುಹಾಕುವುದು ಸುಲಭವಾಗಲಿಲ್ಲ. ಅರ್ಥವಾಗದ್ದನ್ನು ಅಲಂಕಾರವೆಂದು ಕರೆದು ಮುಂದೆ ಹೋಗುವ ಚಾಳಿ ಎಷ್ಟು ಆಳದಲ್ಲಿ ಬೇರುಬಿಟ್ಟಿರುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವರು ಫ್ರಾನ್ಸಿನ ಒಬ್ಬ ವಿದ್ವಾಂಸರು. ನಾನು ಹುಟ್ಟುವ ಹೊತ್ತಿಗೆ ಅವರು ಇರಲಿಲ್ಲ.

ಅವರ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು 1985ರಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ‘ದಿ ಗಾಥಿಕ್ ಇಮೇಜ್’, ಬರೆದವರು ಎಮೀಲ್ ಮಾಲ್. ಮೂಲ ಫ್ರೆಂಚ್ ಗ್ರಂಥ 1898ರದು; ಹದಿಮೂರನೆಯ ಶತಮಾನದ ಫ್ರಾನ್ಸಿನ ಧಾರ್ಮಿಕ ಕಲೆಯನ್ನು ಕುರಿತದ್ದು. ಡೋರಾ ನಸ್ಸಿ ಅದನ್ನು 1913ರಲ್ಲಿ ಇಂಗ್ಲಿಷಿಗೆ ತಂದಿದ್ದರು. ನನಗೆ ಸಿಕ್ಕಿದ್ದು ಅದರ ಅಗ್ಗದ ಮರುಮುದ್ರಣ. ಚರ್ಚುಗಳ ವಿಷಯದಲ್ಲಿ ನನ್ನ ತಿಳಿವಳಿಕೆ ತೀರ ಕಡಿಮೆ. ಚಿಕ್ಕಮಗಳೂರಿನ ಕಾಫಿತೋಟದ ಸಂಬಂಧಿಕರ ಮನೆಗೆ ಹೋದಾಗ ಕ್ರಿಸ್‌ಮಸ್ ಗೋದಲಿ ನೋಡಿದ್ದಷ್ಟೆ. ಕೊಂಡದ್ದು ಒಳಗಿನ ಚಿತ್ರಗಳಿಗಾಗಿ. ಕಲ್ಲಿನ ರಾಜರಾಣಿಯರು ಉದ್ದುದ್ದನೆಯ ನಿಲುವಂಗಿಯಲ್ಲಿ ಸಾಲಾಗಿ ನಿಂತಿದ್ದರು. ನಮ್ಮ ಮದನಿಕೆಯರ ಬಳುಕು ಅವರಲ್ಲಿರಲಿಲ್ಲ, ಆದರೆ ಯಾರನ್ನೋ ಕಾಯುತ್ತಿರುವವರ ತಾಳ್ಮೆ ಇತ್ತು.

ಮೊದಲ ಅಧ್ಯಾಯ ಓದಿದ ರಾತ್ರಿ ನನಗೆ ಮತ್ತೆ ಆ ಅಜ್ಜಿಯ ದನಿ ಕೇಳಿಸಿತು. ಮಧ್ಯಯುಗದ ಕಲೆಗೆ ಒಂದು ಲಿಪಿಯಿದೆ, ಅದರ ಅಕ್ಷರಗಳನ್ನು ಕಲಿಯದೆ ನೋಡುವವನಿಗೆ ಏನೂ ಕಾಣುವುದಿಲ್ಲ ಎಂದು ಮಾಲ್ ಶುರುಮಾಡುತ್ತಾರೆ. ಆಮೇಲೆ ಅಕ್ಷರಾಭ್ಯಾಸವನ್ನೇ ಮಾಡಿಸುತ್ತಾರೆ. ತಲೆಯ ಹಿಂದಿನ ಪ್ರಭಾವಳಿಯಲ್ಲಿ ಶಿಲುಬೆಯ ಗುರುತಿದ್ದರೆ ಅದು ದೇವರು, ಬರಿಯ ಪ್ರಭಾವಳಿಯಾದರೆ ಸಂತರು. ದೇವರು, ದೇವದೂತರು, ಯೇಸುವಿನ ಪ್ರೇಷಿತರು ಬರಿಗಾಲಿನಲ್ಲಿರಬೇಕು. ಮಾತೆ ಮರಿಯಳ ಪಾದ ಬರಿದಾಗಿರಬಾರದು. ಅಲೆಅಲೆಯಾದ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡಿದ್ದರೆ ಆಕಾಶ, ಅಡ್ಡಡ್ಡ ಹರಿದಿದ್ದರೆ ನೀರು. ಒಂದು ಗಿಡ ಕಂಡರೆ ಕಥೆ ಭೂಮಿಯ ಮೇಲೆ ನಡೆಯುತ್ತಿದೆ ಎಂದರ್ಥ. ಒಂದು ಬಾಗಿಲು, ಒಂದು ಬುರುಜು ಇದ್ದರೆ ಅದು ಊರು. ಬುರುಜಿನ ಮೇಲಿಂದ ದೇವದೂತ ಇಣುಕಿದರೆ ಆ ಊರು ಸ್ವರ್ಗದ ಜೆರುಸಲೇಮ್. ಸಂತ ಪೇತ್ರನಿಗೆ ಗುಂಗುರು ಕೂದಲು, ಕುರುಚಲು ಗಡ್ಡ. ಸಂತ ಪೌಲನಿಗೆ ಬೋಳುತಲೆ, ನೀಳ ಗಡ್ಡ. ಊರು ಯಾವುದಾದರೂ, ಶಿಲ್ಪಿ ಯಾರಾದರೂ ಈ ಬರವಣಿಗೆ ಬದಲಾಗುವುದಿಲ್ಲ.

ದಿಕ್ಕಿಗೂ ಅರ್ಥವಿತ್ತು. ಚಳಿಯ, ನೆರಳಿನ ಉತ್ತರದ ಬಾಗಿಲಿಗೆ ಹಳೆಯ ಒಡಂಬಡಿಕೆಯ ಕಥೆಗಳು ಒಪ್ಪುತ್ತವೆ, ಬಿಸಿಲು ಬೀಳುವ ದಕ್ಷಿಣಕ್ಕೆ ಹೊಸ ಒಡಂಬಡಿಕೆ. ಸೂರ್ಯ ಮುಳುಗುವ ಪಶ್ಚಿಮಕ್ಕೆ ಜಗತ್ತಿನ ಕೊನೆಯ ದಿನ, ಅಂತಿಮ ತೀರ್ಪು. ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾವ ತುದಿಯಿಂದ ಶುರುಮಾಡಬೇಕು ಎಂದು ತಿಳಿಯದವನಿಗೆ ಕಥೆ ಕೂಡಿಬರುವುದಿಲ್ಲ. ನಾನು ದಿಕ್ಕು ತಪ್ಪಿ, ತಪ್ಪನ್ನು ಶಿಲ್ಪಿಗೆ ಹಚ್ಚಿದ್ದೆ.

ಮಾಲ್ ಅವರ ಬದುಕಿನ ಬಗ್ಗೆ ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಹುಟ್ಟಿದ್ದು 1862ರಲ್ಲಿ, ಫ್ರಾನ್ಸಿನ ನಡುಭಾಗದ ಕೊಮಾಂತ್ರಿ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್‌ನಲ್ಲಿ ಓದಿ, 1886ರಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದವರು. ಓದಿದ್ದು ಸಾಹಿತ್ಯ. ವರ್ಷಗಟ್ಟಲೆ ಸೇಂತೆತಿಯೆನ್, ತುಲೂಸ್, ಆಮೇಲೆ ಪ್ಯಾರಿಸ್ಸಿನ ಶಾಲೆಗಳಲ್ಲಿ ಹುಡುಗರಿಗೆ ಪಾಠ ಹೇಳಿದರು. ಪಾಠದ ನಡುವೆ ಬಿಡುವಾದಾಗ ಚರ್ಚುಗಳನ್ನು ನೋಡಿದರು, ಲ್ಯಾಟಿನ್ ಗ್ರಂಥಗಳನ್ನು ಓದಿದರು. ಆ ಮೊದಲ ದೊಡ್ಡ ಪುಸ್ತಕ ಶಾಲೆಯ ಮೇಷ್ಟ್ರೊಬ್ಬರ ಪುಸ್ತಕ ಎಂಬುದು ನನ್ನಂಥ ಸಣ್ಣ ಊರಿನ ಮೇಷ್ಟ್ರಿಗೆ ಎಷ್ಟು ಧೈರ್ಯ ಕೊಟ್ಟಿತೆಂದು ಹೇಳಲಾರೆ. ಸೊರ್ಬಾನ್ ವಿಶ್ವವಿದ್ಯಾಲಯ ಅವರನ್ನು ಪಾಠಕ್ಕೆ ಕರೆದದ್ದು 1906ರಲ್ಲಿ. 1912ರಲ್ಲಿ ಮಧ್ಯಯುಗದ ಕ್ರೈಸ್ತ ಕಲೆಯ ಇತಿಹಾಸಕ್ಕೆ ಅವರು ಪೀಠದ ಪ್ರಾಧ್ಯಾಪಕರಾದರು. ಮೊದಲ ಪುಸ್ತಕದ ಬೆನ್ನಿಗೆ ಇನ್ನೂ ಮೂರು ಬಂದವು: 1908ರಲ್ಲಿ ಮಧ್ಯಯುಗದ ಕೊನೆಯ ಕಲೆ, 1922ರಲ್ಲಿ ಹನ್ನೆರಡನೆಯ ಶತಮಾನದ ಕಲೆ, 1932ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯ ನಂತರದ ಕಲೆ. ಹೀಗೆ ನಾಲ್ಕು ಸಂಪುಟಗಳಲ್ಲಿ ಸುಮಾರು ಆರು ನೂರು ವರ್ಷಗಳ ಕಲೆಯನ್ನು ಓದಿ ಮುಗಿಸಿದರು. 1923ರಿಂದ 1937ರವರೆಗೆ ರೋಮ್ ನಗರದ ಫ್ರೆಂಚ್ ವಿದ್ಯಾಸಂಸ್ಥೆಯ ನಿರ್ದೇಶಕರಾಗಿದ್ದರು. 1927ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ತೀರಿಕೊಂಡದ್ದು 1954ರಲ್ಲಿ, 92ನೆಯ ವಯಸ್ಸಿನಲ್ಲಿ.

ಅವರಿಗಿಂತ ಮೊದಲೂ ಕೆಲಸ ನಡೆದಿತ್ತು. ದಿದ್ರೋನ್ ಎಂಬ ವಿದ್ವಾಂಸರು 1843ರಲ್ಲೇ ಕ್ರೈಸ್ತ ಮೂರ್ತಿಶಾಸ್ತ್ರದ ಪುಸ್ತಕ ತಂದಿದ್ದರು. ಕೆಥೆಡ್ರಲಿನ ಕಲ್ಲುಕುಟಿಗರು ಪಾದ್ರಿಗಳ ಕಣ್ಣುತಪ್ಪಿಸಿ ತಮ್ಮ ಬಂಡಾಯವನ್ನು ಕಲ್ಲಿನಲ್ಲಿ ಬರೆದರು ಎಂಬ ಮಾತೂ ವಿಕ್ಟರ್ ಹ್ಯೂಗೋನಿಂದ ಹಿಡಿದು ಬಹಳ ಜನರ ಬಾಯಲ್ಲಿತ್ತು. ಮಾಲ್ ಅದನ್ನು ಒಪ್ಪಲಿಲ್ಲ. ಈ ಶಿಲ್ಪದ ಹಿಂದೆ ಗ್ರಂಥಗಳಿವೆ, ಬನ್ನಿ ತೋರಿಸುತ್ತೇನೆ ಎಂದರು. ಹದಿಮೂರನೆಯ ಶತಮಾನದ ಸನ್ಯಾಸಿ ಬೋವೆಯ ವಿನ್ಸೆಂಟ್ ಒಂದು ಮಹಾಕೋಶ ಬರೆದಿದ್ದ. ಅದರ ಹೆಸರೇ ‘ಮಹಾದರ್ಪಣ’. ಅದರಂತೆ ಮಾಲ್ ತಮ್ಮ ಪುಸ್ತಕವನ್ನು ನಾಲ್ಕು ಕನ್ನಡಿಗಳಾಗಿ ವಿಂಗಡಿಸಿದರು: ಪ್ರಕೃತಿ, ವಿದ್ಯೆ, ನೀತಿ, ಚರಿತ್ರೆ. ಕೆಥೆಡ್ರಲ್ ಎಂದರೆ ಆ ಕಾಲದ ಜನ ತಿಳಿದದ್ದನ್ನೆಲ್ಲ ಅಡಕಮಾಡಿದ ಪುಸ್ತಕ.

ಪ್ರಕೃತಿಯ ಕನ್ನಡಿಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಗಾಥಿಕ್ ಕಂಬಗಳ ತಲೆಯ ಮೇಲೆ ಶಿಲ್ಪಿಗಳು ತಮ್ಮ ಬೇಲಿಯ ಗಿಡಗಳನ್ನೇ ಕೆತ್ತಿದರು: ಜರಿಗಿಡ, ಸ್ಟ್ರಾಬೆರಿ ಎಲೆ, ಹಬ್ಬುವ ಐವಿ, ಓಕ್. ಹನ್ನೆರಡನೆಯ ಶತಮಾನದ ಕೊನೆಗೆ ಇನ್ನೂ ಬಿಚ್ಚದ ಕುಡಿಗಳು. ಹದಿಮೂರರಲ್ಲಿ ಎಲೆಗಳು ಅರಳಿ ಅಗಲವಾಗುತ್ತವೆ. ಹದಿನೈದರ ಹೊತ್ತಿಗೆ ಮುಳ್ಳಿನ, ಸುರುಟಿದ ಎಲೆಗಳು. ಒಂದು ಕಲೆಯ ವಸಂತ, ಬೇಸಿಗೆ, ಶರತ್ಕಾಲ ಕಂಬದ ತಲೆಗಳಲ್ಲೇ ಕಾಣುತ್ತವೆ. ಲಾನ್ ಎಂಬ ಗುಡ್ಡದ ಊರಿನ ಕೆಥೆಡ್ರಲಿನ ಗೋಪುರಗಳಲ್ಲಂತೂ ಹದಿನಾರು ಎತ್ತುಗಳು ಕತ್ತು ಚಾಚಿ ಬಯಲು ನೋಡುತ್ತ ನಿಂತಿವೆ. ಬಂಡೆಗಳನ್ನು ಗುಡ್ಡದ ಮೇಲಕ್ಕೆ ಎಳೆದ ಎತ್ತುಗಳಿಗೆ ಸಂದ ಗೌರವ ಅದು. ನನ್ನ ತಂದೆ ಉಳುವವರು. ಆ ಪುಟವನ್ನು ಅವರಿಗೆ ಓದಿ ಕನ್ನಡದಲ್ಲಿ ಹೇಳಿದೆ. “ಪುಣ್ಯವಂತರು, ನೆನಪಿಟ್ಟುಕೊಂಡಿದ್ದಾರೆ” ಅಂದರು.

ಆ ಪುಸ್ತಕವನ್ನು ಇಪ್ಪತ್ತಮೂರು ವರ್ಷ ಓದಿದ ಮೇಲೆ 2008ರ ಮೇ ತಿಂಗಳಲ್ಲಿ ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್ ನೋಡಿದೆ. ಮಗಳು ಸಂಶೋಧನೆಗೆಂದು ಪ್ಯಾರಿಸ್ಸಿನಲ್ಲಿದ್ದಳು. ಮೋಂಪರ್ನಾಸ್ ನಿಲ್ದಾಣದಿಂದ ಹೊರಟ ರೈಲು ಬೋಸ್ ಬಯಲಿನ ಹಸಿರು ಗೋಧಿಯ ನಡುವೆ ಓಡುತ್ತಿದ್ದಾಗ, ದಿಗಂತದಲ್ಲಿ ಒಂದಕ್ಕೊಂದು ಸಮವಲ್ಲದ ಎರಡು ಗೋಪುರಗಳು ಎದ್ದವು. ಊರಿಗಿಂತ ಮೊದಲು ಗೋಪುರ. ನಮ್ಮ ಕಡೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದವರಿಗೆ ತೇರಿನ ಕಳಸ ಮೊದಲು ಕಂಡಂತೆ. ನನಗರಿವಿಲ್ಲದೆ ಕೈ ಮುಗಿದೆ.

1194ರ ಜೂನ್ 10ರಂದು ಬೆಂಕಿಗೆ ಬಿದ್ದು, ಪಶ್ಚಿಮದ ಮುಖವನ್ನು ಬಿಟ್ಟು ಬಹುಪಾಲು ನಾಶವಾದ ಚರ್ಚನ್ನು ಆ ಊರಿನವರು ಕೂಡಲೇ ಮತ್ತೆ ಕಟ್ಟಲು ತೊಡಗಿದರು. ಅಮೃತಾಪುರದ ಗುಡಿಗಿಂತ ಎರಡು ವರ್ಷ ಮುಂಚೆ. ಒಬ್ಬರ ಇರವು ಇನ್ನೊಬ್ಬರಿಗೆ ಗೊತ್ತಿಲ್ಲದೆ ಒಂದೇ ಕಾಲದಲ್ಲಿ ಎರಡು ಕಡೆ ಉಳಿಯ ಸದ್ದು ಕೇಳುತ್ತಿತ್ತು ಎಂಬುದನ್ನು ನೆನೆದು ಬಾಗಿಲಲ್ಲಿ ನಿಂತೆ. ಬೆಂಕಿಯಿಂದ ಉಳಿದ ಪಶ್ಚಿಮದ ರಾಜದ್ವಾರದ ಬಲಗಡೆಯ ಬಾಗಿಲಿನಲ್ಲಿ ಏಳು ವಿದ್ಯೆಗಳನ್ನು ಹೆಂಗಸರಾಗಿ ಕೆತ್ತಿದ್ದಾರೆ. ಸಂಗೀತ ಗಂಟೆ ಬಾರಿಸುತ್ತಾಳೆ. ವ್ಯಾಕರಣದ ಕೈಯಲ್ಲಿ ಬೆತ್ತ, ಕಾಲ ಬುಡದಲ್ಲಿ ಇಬ್ಬರು ಹುಡುಗರು. ಒಬ್ಬ ಇನ್ನೊಬ್ಬನ ಜುಟ್ಟು ಎಳೆಯುತ್ತಿದ್ದಾನೆ. ಸುಮಾರು ಮೂವತ್ತು ವರ್ಷದ ನನ್ನ ತರಗತಿ ದೇವರ ಬಾಗಿಲಲ್ಲಿ ಕೂತಿತ್ತು. ಓದು, ಬರಹ, ಲೆಕ್ಕ, ಜೊತೆಗೆ ದ್ರಾಕ್ಷಿಬಳ್ಳಿ ಸವರುವುದು, ಹುಲ್ಲು ಕೊಯ್ಯುವುದು. ಹನ್ನೆರಡು ತಿಂಗಳ ದುಡಿಮೆಯೂ ಆ ಬಾಗಿಲುಗಳಲ್ಲಿದೆ. ಕೈಕೆಲಸವೂ ಕಲಿಕೆಯೂ ಮನುಷ್ಯನನ್ನು ಮೇಲೆತ್ತುತ್ತವೆ ಎಂದು ಆ ಕಾಲ ನಂಬಿತ್ತೆಂದು ಮಾಲ್ ಹೇಳಿದ್ದನ್ನು ಇಲ್ಲಿ ಬೆರಳಿಟ್ಟು ಮುಟ್ಟಬಹುದಿತ್ತು.

ಒಳಗೆ ಕತ್ತಲು. ಶತಮಾನಗಳ ಮೇಣದ ಹೊಗೆ ಗೋಡೆಗಳನ್ನು ಕಪ್ಪಾಗಿಸಿತ್ತು. ಆ ಕಪ್ಪಿನ ನಡುವೆ ಗಾಜು ಮಾತ್ರ ಉರಿಯುತ್ತಿತ್ತು, ನೀಲಿ ಮತ್ತು ಕೆಂಪು. ಮೊದಲ ಕಾಲು ಗಂಟೆ ಏನೂ ಓದಲಾಗಲಿಲ್ಲ, ಬಣ್ಣದೊಳಗೆ ನಿಂತಿದ್ದೆ ಅಷ್ಟೆ. ಆಮೇಲೆ ದಕ್ಷಿಣದ ಸಾಲಿನಲ್ಲಿ ಮಾಲ್ ಬಹಳ ಅಕ್ಕರೆಯಿಂದ ವಿವರಿಸಿದ ಕಿಟಕಿಯನ್ನು ಹುಡುಕಿದೆ, ಸಮಾರ್ಯದವನ ದೃಷ್ಟಾಂತಕಥೆಯ ಕಿಟಕಿ. ಕಣ್ಣು ತನ್ನ ಅಭ್ಯಾಸದಂತೆ ಮೇಲಿನಿಂದ ಶುರುಮಾಡಿತು. ಮತ್ತೆ ಕಥೆ ಕೂಡಲಿಲ್ಲ. ಈ ಸಲ ಶಿಲ್ಪಿಯನ್ನು ದೂರಲಿಲ್ಲ. ಇಲ್ಲಿನ ಗಾಜನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು, ನೆಲದಿಂದ ಸ್ವರ್ಗದ ಕಡೆಗೆ.

ಎಲ್ಲಕ್ಕಿಂತ ಕೆಳಗೆ ಚಮ್ಮಾರರು ಕೂತು ಚರ್ಮ ಹೊಲಿಯುತ್ತಿದ್ದಾರೆ, ಆ ಕಿಟಕಿಯನ್ನು ದೇವರಿಗೆ ಒಪ್ಪಿಸುತ್ತಿದ್ದಾರೆ. ಅವರ ಮೇಲೆ ಯೇಸು ಹೇಳಿದ ಕಥೆ: ಜೆರುಸಲೇಮಿನಿಂದ ಜೆರಿಕೋಗೆ ಇಳಿದುಹೋಗುತ್ತಿದ್ದವನನ್ನು ಕಳ್ಳರು ಬಡಿದು ಬಿಸಾಡುತ್ತಾರೆ, ಪೂಜಾರಿ ನೋಡಿಯೂ ದಾಟಿಹೋಗುತ್ತಾನೆ, ಜಾತಿಹೊರಗಿನವನೆಂದು ಜನ ತಾತ್ಸಾರಮಾಡುತ್ತಿದ್ದ ಸಮಾರ್ಯದವನು ಗಾಯ ಕಟ್ಟಿ ಛತ್ರಕ್ಕೆ ಒಯ್ಯುತ್ತಾನೆ. ಅದರ ಮೇಲೆ, ಸಂಬಂಧವೇ ಇಲ್ಲವೆನ್ನುವಂತೆ, ಆದಾಮ ಮತ್ತು ಹವ್ವ. ಇಲ್ಲೇ ಅರಿಯದವರು ಜಾರಿಬೀಳುವುದು. ಮಾಲ್ ಹಳೆಯ ಬೈಬಲ್ ವ್ಯಾಖ್ಯಾನಗಳನ್ನು ಬಿಚ್ಚಿ ತೋರಿಸಿದರು: ದಾರಿಯಲ್ಲಿ ಬಿದ್ದವನು ಎಲ್ಲ ಮನುಷ್ಯರ ಪ್ರತಿನಿಧಿ. ಜೆರುಸಲೇಮಿನಿಂದ ಇಳಿದದ್ದು ಸ್ವರ್ಗದಿಂದ ಇಳಿದದ್ದು. ಕಳ್ಳರು ಪಾಪಗಳು. ದಾಟಿಹೋದ ಪೂಜಾರಿ, ಗುಣಪಡಿಸಲಾರದ ಹಳೆಯ ಕಟ್ಟಳೆ. ಎತ್ತಿಕೊಂಡ ಪರದೇಶಿ ಕ್ರಿಸ್ತ, ಛತ್ರವೇ ಧರ್ಮಸಭೆ. ಎರಡು ಕಥೆಗಳು ಒಂದೇ ಕಥೆಯಾಗಿ ಮೇಲಕ್ಕೆ ಏರುತ್ತವೆ, ಚಮ್ಮಾರರ ಹೆಗಲ ಮೇಲಿಂದ. ಅಕ್ಷರ ಬಾರದವರಿಗೆ ಚಿತ್ರವೇ ಪುಸ್ತಕ ಎಂದು ಪೋಪ್ ಗ್ರೆಗೊರಿ ಆರನೆಯ ಶತಮಾನದ ಕೊನೆಯ ಹೊತ್ತಿಗೇ ಹೇಳಿದ್ದ. ಆ ಕಿಟಕಿಯ ಕೆಳಗೆ ನಿಂತ ಎಷ್ಟು ಅಜ್ಜಿಯರು ತಮ್ಮ ಊರಿನ ಮೇಷ್ಟ್ರುಗಳಿಗೆ ಇಲ್ಲಿಂದ ಶುರುಮಾಡಿ ಎಂದು ಹೇಳಿರಬೇಕು!

ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಮಾಲ್ ಅವರ ಆ ಮೊದಲ ಪುಸ್ತಕವನ್ನು ಬಹಳ ಹಚ್ಚಿಕೊಂಡಿದ್ದರು, ಅವರಿಗೆ ಪತ್ರ ಬರೆದು ಚರ್ಚುಗಳ ಬಗ್ಗೆ ವಿಚಾರಿಸುತ್ತಿದ್ದರು. ಅವರ ಮಹಾಕಾದಂಬರಿಯಲ್ಲಿ ನಿರೂಪಕ ಬಾಲ್ಬೆಕ್ ಚರ್ಚನ್ನು ನೋಡಿ ನಿರಾಸೆಗೊಳ್ಳುತ್ತಾನೆ. ಆಮೇಲೆ ಚಿತ್ರಕಾರ ಎಲ್‌ಸ್ತಿರ್ ಆ ಬಾಗಿಲನ್ನು ಅಕ್ಷರಕ್ಷರ ಓದಿ ಹೇಳಿದಾಗ ಅವನಿಗೆ ತನ್ನ ಕುರುಡು ತಿಳಿಯುತ್ತದೆ. ಆ ಓದಿನ ಹಿಂದೆ ಇದ್ದದ್ದು ಮಾಲ್ ಅವರ ವಿದ್ವತ್ತು. ನಿರಾಸೆಯಿಂದ ಹಿಂದಿರುಗಿದ ನೋಟವನ್ನು ಮತ್ತೆ ಅದೇ ಬಾಗಿಲಿಗೆ ಕರೆತರುವುದು, ವಿದ್ವಾಂಸ ಇದಕ್ಕಿಂತ ಹೆಚ್ಚಿನ ಯಾವ ಉಪಕಾರ ಮಾಡಿಯಾನು?

ಓದಲು ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಅದೇ ಪ್ರವಾಸದಲ್ಲಿ ಪ್ಯಾರಿಸ್ಸಿನ ಕ್ಲೂನಿ ಮ್ಯೂಸಿಯಮ್ಮಿನಲ್ಲಿ ನೋಡಿದೆ. ಒಂದು ಕೋಣೆಯಲ್ಲಿ ಕಲ್ಲಿನ ತಲೆಗಳು ಸಾಲಾಗಿವೆ. ಮೂಗು ಒಡೆದಿವೆ, ಕಿರೀಟ ಮುರಿದಿವೆ, ಕೆಲವು ಕೆನ್ನೆಗಳಲ್ಲಿ ಹಳೆಯ ಬಣ್ಣದ ಗುರುತು. ನೋತ್ರ್‌ದಾಮ್ ಕೆಥೆಡ್ರಲಿನ ಮುಂಭಾಗದಲ್ಲಿ 28 ಅರಸರ ಸಾಲಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಇವರು ಫ್ರಾನ್ಸಿನ ದೊರೆಗಳೆಂದು ತಿಳಿದು ಕೆಳಕ್ಕೆ ಉರುಳಿಸಿದರು, ತಲೆ ಕಡಿದರು. ಅವರು ಯೂದಾಯದ ಅರಸರು, ಮರಿಯಳ ಪೂರ್ವಜರು ಎಂದು ಮಾಲ್ ವಾದಿಸಿದ್ದರು. ಅವುಗಳಲ್ಲಿ 21 ತಲೆಗಳು 1977ರಲ್ಲಿ ಪ್ಯಾರಿಸ್ಸಿನ ಒಂದು ಕಟ್ಟಡದ ಅಂಗಳ ಅಗೆದಾಗ ಸಿಕ್ಕವು. ತಪ್ಪಾಗಿ ಓದಿದ್ದಕ್ಕೆ ಹೋದ ತಲೆಗಳು! ನಾನು ಮಕ್ಕಳಿಗೆ ಬರೆಸಿದ ಒಂದು ತಪ್ಪು ಸಾಲಿಗೂ ಆ ಕೊಡಲಿಗೂ ನಂಟಿದೆ ಅನಿಸಿ ಮೈ ಜುಮ್ಮೆಂದಿತು. ಇದರಲ್ಲಿ ಏನೂ ಇಲ್ಲ ಎಂದವನಿಗೂ ಇದನ್ನು ಒಡೆಯಬಹುದು ಎಂದವನಿಗೂ ಬಹಳ ದೂರವಿಲ್ಲ.

ಇಷ್ಟು ಕೊಟ್ಟ ಗುರುವೂ ಒಮ್ಮೆ ಎಡವಿದರು. ಅದನ್ನು ಬಿಟ್ಟು ಬರೆದರೆ ಅವರಿಗೆ ನ್ಯಾಯವಾಗುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರ್ 19ರಂದು, ಜರ್ಮನ್ ಫಿರಂಗಿಗಳ ಗುಂಡು ಬಿದ್ದು ರ‍್ಯಾಂಸ್ ಕೆಥೆಡ್ರಲ್ ಹೊತ್ತಿ ಉರಿಯಿತು. ಉತ್ತರದ ಗೋಪುರಕ್ಕೆ ಕಟ್ಟಿದ್ದ ಮರದ ಅಟ್ಟಣಿಗೆ ಹತ್ತಿ, ಮೇಲ್ಛಾವಣಿಯ ಸೀಸ ಕರಗಿತು. ಬಾಗಿಲ ಬಳಿ ನಗುತ್ತ ನಿಂತ ದೇವದೂತನ ತಲೆ ಮುರಿದು ಬಿತ್ತು. ಫ್ರಾನ್ಸಿನ ಪ್ರತಿಯೊಂದು ಕೆಥೆಡ್ರಲನ್ನೂ ಸ್ವಂತ ಮನೆಯಂತೆ ಬಲ್ಲ ಮಾಲ್ ಅವರಿಗೆ ಅದು ಎಂಥ ಸಂಕಟವಾಗಿರಬೇಕು! ಆದರೆ ಸಂಕಟ ಸಿಟ್ಟಾಯಿತು, ಸಿಟ್ಟು ಪುಸ್ತಕವಾಯಿತು. 1917ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಮಧ್ಯಯುಗದ ಜರ್ಮನ್ ಕಲೆಯಲ್ಲಿ ಸ್ವಂತದ್ದು ಏನೂ ಇಲ್ಲ, ಎಲ್ಲ ಎರವಲು ಎಂದು ಸಾಧಿಸಲು ಹೊರಟಿತು. ಜರ್ಮನ್ ಶಿಲ್ಪಿಗಳು ಫ್ರಾನ್ಸಿನಿಂದ ಕಲಿತದ್ದು ನಿಜ. ಬಾಂಬರ್ಗಿನ ಶಿಲ್ಪ ರ‍್ಯಾಂಸ್‌ಗೆ ಋಣಿ. ಆದರೆ ಕಲಿತವನು ತನ್ನದನ್ನೂ ಸೇರಿಸುತ್ತಾನೆ ಎಂದು ತಿಳಿಯಲು ನೋಡಬೇಕಲ್ಲ? ಜೀವಮಾನವೆಲ್ಲ ಕಲ್ಲಿನ ಪರವಾಗಿ ಮಾತಾಡಿದವರು, ಒಂದು ಗಡಿಯಾಚೆಯ ಕಲ್ಲಿಗೆ ಮಾತೇ ಇಲ್ಲ ಎಂದುಬಿಟ್ಟರು.

ಈ ವಿಷಯ ತಿಳಿದಾಗ ಕೆಲವು ತಿಂಗಳು ನಾನು ಅವರ ಪುಸ್ತಕ ಮುಟ್ಟಲಿಲ್ಲ. ಆಮೇಲೆ ರ‍್ಯಾಂಸ್‌ಗೆ ಹೋದೆ. ಮುರಿದ ಚೂರುಗಳನ್ನು ಕೂಡಿಸಿ 1926ರಲ್ಲಿ ದೇವದೂತನ ತಲೆಯನ್ನು ಮತ್ತೆ ಕೂರಿಸಿದ್ದಾರೆ. ಕೆಥೆಡ್ರಲ್ 1938ರಲ್ಲಿ ಮತ್ತೆ ತೆರೆಯಿತು. ಅಲ್ಲಿ ನಿಂತಾಗ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಬೆಂಕಿ ಬಿದ್ದ ದಿನ ಕೆಥೆಡ್ರಲಿನೊಳಗೆ ಹುಲ್ಲಿನ ಹಾಸಿನ ಮೇಲೆ ಗಾಯಗೊಂಡ ಜರ್ಮನ್ ಸೈನಿಕರೇ ಮಲಗಿದ್ದರು. ಹುಲ್ಲಿಗೆ ಕಿಡಿ ಬಿದ್ದಾಗ ಅಲ್ಲಿನ ಪಾದ್ರಿಗಳು ಅವರನ್ನು ಹೊರಗೆ ಎಳೆದರು, ಕೆರಳಿದ ಊರಿನ ಜನರಿಗೂ ಆ ಸೈನಿಕರಿಗೂ ನಡುವೆ ಅಡ್ಡ ನಿಂತರು. ಎಲ್ಲರೂ ಉಳಿಯಲಿಲ್ಲ. ಆದರೆ ಆ ದಿನ ಶಾರ್ತ್ರ್ ಕಿಟಕಿಯ ಕಥೆ ರ‍್ಯಾಂಸ್ ಬಾಗಿಲಲ್ಲಿ ಮತ್ತೊಮ್ಮೆ ನಡೆಯಿತು. ಈ ಸಲ ಪಾದ್ರಿ ದಾಟಿಹೋಗಲಿಲ್ಲ. ಆ ಕಿಟಕಿಯನ್ನು ಎಲ್ಲರಿಗಿಂತ ಚೆನ್ನಾಗಿ ಓದಿದವರು ಮಾತ್ರ ಸಿಟ್ಟಿನ ಆ ವರ್ಷಗಳಲ್ಲಿ ಬಿದ್ದವನನ್ನು ದಾಟಿಹೋದರು. ಓದಬಲ್ಲವನಿಗೂ ಓದು ಕೈಕೊಡುವ ಗಳಿಗೆಯಿದೆ. ಇದನ್ನು ನಾನು ಅವರ ಮೇಲಿನ ತೀರ್ಪಾಗಿ ಬರೆಯುತ್ತಿಲ್ಲ, ನನಗೆ ಎಚ್ಚರಿಕೆಯಾಗಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ಕಡೆಯೂ ಅವರ ಪ್ರಶ್ನೆ ಅರ್ಧಕ್ಕೆ ನಿಂತಿತು. ಕಂಬದ ತುದಿ, ಪುಸ್ತಕದ ಅಂಚುಗಳಲ್ಲಿ ಕುಣಿಯುವ ವಿಕಾರ ಪ್ರಾಣಿಗಳು, ಅರ್ಧ ಮನುಷ್ಯ ಅರ್ಧ ಹಕ್ಕಿಗಳು, ಇವುಗಳಿಗೆ ಅರ್ಥ ಹುಡುಕಬೇಡಿ, ಇವು ಶಿಲ್ಪಿಯ ಆಟ ಎಂದರು ಮಾಲ್. ಮುಂದಿನ ಪೀಳಿಗೆ ಅಲ್ಲಿಂದಲೇ ಶುರುಮಾಡಿತು. ಕಲಾ ಇತಿಹಾಸಕಾರ ಮೈಕಲ್ ಕಮೀಲ್ 1992ರಲ್ಲಿ ಆ ಅಂಚುಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ನಡುವೆ ಹೇಳಲಾಗದ್ದು ಅಂಚಿನಲ್ಲಿ ಹೇಗೆ ಮಾತಾಡುತ್ತದೆ ಎಂದು ತೋರಿಸಿದರು. ಮಾಲ್ ಅವರ ಮಾತನ್ನು ಮೀರಿದ ಆ ಕೆಲಸ ನಡೆದದ್ದು ಮಾಲ್ ಕಲಿಸಿದ ಹಟದಿಂದಲೇ ಎಂದು ನನ್ನ ನಂಬಿಕೆ: ಇಲ್ಲಿ ಅರ್ಥವಿದೆ, ನನಗಿನ್ನೂ ಸಿಕ್ಕಿಲ್ಲ, ಅಷ್ಟೆ.

2018ರಲ್ಲಿ ಮತ್ತೆ ಶಾರ್ತ್ರ್‌ಗೆ ಹೋದಾಗ ಒಳಗೆ ಕಾಲಿಟ್ಟವನು ಬೆಚ್ಚಿದೆ. ಕತ್ತಲು ಹೋಗಿತ್ತು. ದುರಸ್ತಿಯವರು ಮಸಿ ತೊಳೆದು, ಕೆಳಗೆ ಉಳಿದಿದ್ದ ಹದಿಮೂರನೆಯ ಶತಮಾನದ ಗಾರೆಯನ್ನು ಹೊರತೆಗೆದಿದ್ದರು: ತಿಳಿಯಾದ ಕಾವಿ ಬಣ್ಣ, ಅದರ ಮೇಲೆ ಕಲ್ಲಿನ ಸಂದುಗಳಂತೆ ಎಳೆದ ಬಿಳಿ ಗೆರೆಗಳು. ಬಹಳ ಜನ ಇದಕ್ಕೆ ಸಿಟ್ಟಾಗಿದ್ದರು. ತಲೆಮಾರುಗಳ ಪ್ರಾರ್ಥನೆಯ ಹೊಗೆಯನ್ನೇ ಒರೆಸಿಬಿಟ್ಟಿರಿ ಎಂದರು. ನನಗೂ ಮೊದಲು ಏನೋ ಕಳೆದುಕೊಂಡಂತಾಯಿತು. ಮಾಲ್ ತಮ್ಮ ದೀರ್ಘಾಯುಷ್ಯವೆಲ್ಲ ನೋಡಿದ್ದು, 1948ರಲ್ಲಿ ಈ ಕೆಥೆಡ್ರಲಿನ ಬಗ್ಗೆಯೇ ಪುಸ್ತಕ ಬರೆದದ್ದು ಆ ಕಪ್ಪು ಶಾರ್ತ್ರ್‌ನಲ್ಲಿ ನಿಂತು. ನಾನು ಅವರ ಪಕ್ಕ ನಿಂತಿದ್ದ ಕೋಣೆಯನ್ನು ಯಾರೋ ಬೆಳಕು ಹಾಕಿ ಬದಲಾಯಿಸಿದ ಹಾಗೆ.

ದಕ್ಷಿಣದ ಅಡ್ಡಮಂಟಪದ ಕಿಟಕಿಗಳ ಕೆಳಗೆ ಬಹಳ ಹೊತ್ತು ಕೂತೆ. ಅಲ್ಲಿ ನಾಲ್ವರು ಪ್ರವಾದಿಗಳು ನಾಲ್ವರು ಶುಭಸಂದೇಶಕಾರರನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ: ಯೆಶಾಯನ ಮೇಲೆ ಮತ್ತಾಯ, ಯೆರೆಮೀಯನ ಮೇಲೆ ಲೂಕ, ಯೆಹೆಜ್ಕೇಲನ ಮೇಲೆ ಯೊವಾನ್ನ, ದಾನಿಯೇಲನ ಮೇಲೆ ಮಾರ್ಕ. ಮೇಲೆ ಕೂತವರು ಆಕಾರದಲ್ಲಿ ಸಣ್ಣವರು, ಹೊತ್ತವರು ದೊಡ್ಡವರು. ನಾವು ದೈತ್ಯರ ಹೆಗಲೇರಿದ ಕುಳ್ಳರು, ಹಾಗಾಗಿಯೇ ನಮಗೆ ದೂರ ಕಾಣುತ್ತದೆ ಎಂಬ ಮಾತು ಇದೇ ಊರಿನ ಶಾಲೆಯ ಗುರು ಬರ್ನಾರ್ಡನದೆಂದು ದಾಖಲಿಸಿದ ಸಾಲ್ಸ್‌ಬರಿಯ ಜಾನ್ ಮುಂದೆ ಇಲ್ಲಿಯೇ ಬಿಷಪ್ ಆದ. ಮಾಲ್ ಅವರನ್ನು ಹೊತ್ತ ದಿದ್ರೋನ್, ಕಮೀಲ್ ಅವರನ್ನು ಹೊತ್ತ ಮಾಲ್. ಹೊತ್ತವನಿಗೆ ಕಾಣದ್ದು ಹೆಗಲ ಮೇಲಿದ್ದವನಿಗೆ ಕಾಣುತ್ತದೆ. ಹೊತ್ತವನ ತಪ್ಪು ಹೆಜ್ಜೆಯೂ ಅವನಿಗೆ ತಿಳಿಯುತ್ತದೆ. ಹಾಗೆಂದು ಇಳಿದುಬಿಡುವುದಕ್ಕಾಗುವುದಿಲ್ಲ. ಕೂತಂತೆ ಕೂತಂತೆ ತೊಳೆದ ಗೋಡೆಯ ಮೇಲಿನ ಸಿಟ್ಟೂ ಇಳಿಯಿತು. ಕತ್ತಲು ನಾನು ಪ್ರೀತಿಸಿದ ಶಾರ್ತ್ರ್. ಆದರೆ ಕಟ್ಟಿದವರು ಬಳಿದದ್ದು ಈ ಬೆಳಕನ್ನು.

ಮೊನ್ನೆ ಮಾಘದಲ್ಲಿ ಅಮೃತಾಪುರಕ್ಕೆ ಹೋಗಿದ್ದೆ. ನಿವೃತ್ತನಾದ ಮೇಲೆ ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ. ದಕ್ಷಿಣದ ಗೋಡೆಯ ಆ ತುದಿಗೆ ಹೋಗಿ, ಅಜ್ಜಿ ಕಲಿಸಿದಂತೆ ಎಡದಿಂದ ಬಲಕ್ಕೆ ಓದುತ್ತ ಬರುತ್ತಿದ್ದೆ. ಪ್ರವಾಸಕ್ಕೆ ಬಂದಿದ್ದ ಒಂದು ಕುಟುಂಬದ ಹುಡುಗ, ಹತ್ತು ಹನ್ನೊಂದು ವರ್ಷದವನು, ಎದುರಾಗಿ ನಿಂತ. “ತಾತ, ಪ್ರದಕ್ಷಿಣೆ ಈ ಕಡೆಯಿಂದ” ಅಂದ.

“ಪ್ರದಕ್ಷಿಣೆ ಹಾಗೆಯೇ ಮರಿ. ಕಥೆ ಮಾತ್ರ ಹೀಗೆ” ಎಂದೆ. ನಂಬಲಿಲ್ಲ. ಮೊದಲ ಪಟ್ಟಿಕೆಗೆ ಕರೆದುಕೊಂಡು ಹೋಗಿ ಶುರುಮಾಡಿಸಿದೆ. ನಾವು ಸ್ಲೇಟಿನ ಮೇಲೆ ಬರೆಯುವ ದಿಕ್ಕಿನಲ್ಲೇ ಇಲ್ಲಿ ರಾಮಾಯಣ ಸಾಗುತ್ತದೆ ಎಂದು ತೋರಿಸಿದೆ. ಹತ್ತು ಪಟ್ಟಿಕೆ ದಾಟುವಷ್ಟರಲ್ಲಿ ಅವನೇ ಮುಂದೆ ಓಡಿ ಹೆಸರು ಹೇಳತೊಡಗಿದ. ಎಪ್ಪತ್ತೂ ಮುಗಿದವು. ಅದೇ ಹುಮ್ಮಸ್ಸಿನಲ್ಲಿ ಉತ್ತರದ ಗೋಡೆಗೆ ಬಂದು ಮತ್ತೆ ಎಡದಿಂದ ಬಲಕ್ಕೆ ಹೊರಟ. ಅಲ್ಲಿ ಕಥೆ ಪ್ರದಕ್ಷಿಣೆಯ ದಿಕ್ಕಿಗೇ ಸಾಗುತ್ತದೆ, ಬಲದಿಂದ ಎಡಕ್ಕೆ. ನನಗದು ಗೊತ್ತಿತ್ತು. ಬೇಕೆಂದೇ ಬಾಯಿ ಬಿಡಲಿಲ್ಲ.

ನಾಲ್ಕನೆಯ ಪಟ್ಟಿಕೆಯ ಮುಂದೆ ಅವನು ನಿಂತ. ಹಿಂದಿನದನ್ನು ಹೋಗಿ ನೋಡಿದ, ಮುಂದಿನದನ್ನು ನೋಡಿದ, ಮತ್ತೆ ಹಿಂದಿನದಕ್ಕೆ ಬಂದ. ಅರವತ್ತಕ್ಕೂ ಹೆಚ್ಚು ವರ್ಷ ಬದುಕಿದ ನನಗೆ ಆ ಗಳಿಗೆಯಲ್ಲಿ ಒಂದೇ ಹೆದರಿಕೆ: ಇವನೂ ‘ಇಲ್ಲಿ ತಪ್ಪಾಗಿ ಕೆತ್ತಿದ್ದಾರೆ’ ಎಂದುಬಿಟ್ಟರೆ?

“ತಾತ, ಇಲ್ಲಿ ನಾವು ತಪ್ಪು ಕಡೆಯಿಂದ ಬಂದ್ವಿ” ಅಂದ.

“ಹಾಗಾದರೆ ನೀನೇ ಮುಂದೆ ನಡಿ” ಎಂದೆ. ಅವನು ನನ್ನ ಕೈಹಿಡಿದು ಗೋಡೆಯ ಆ ಕೊನೆಗೆ ಕರೆದುಕೊಂಡು ಹೋದ.